ಎಮರ್ಜೆನ್ಸಿಯಲ್ಲಿ ನಮ್ಮ ಮನೆಯ ದಿನಗಳು

"ಸರ್ವಾಧಿಕಾರ, ಮಿಲಿಟರಿ ಆಡಳಿತ ಅಂತೆಲ್ಲ ಓದುತ್ತೇವೆ. ಅಂಥ ಕಾಲದಲ್ಲಿ ಮಾಮೂಲಿ ಜನರ ದಿನ ಹೇಗೆ ಸಾಗುತ್ತೆ? ಎಮರ್ಜೆನ್ಸಿಯಲ್ಲಿ ರೈಲು ಸರಿಯಾದ ಟೈಮಿಗೆ ಬರ್ತಿತ್ತು, ಎಲ್ಲ ಶಿಸ್ತಾಗಿತ್ತು ಅಂತಾರಲ್ಲ, ನಿಜಾನಾ?" ಅಂತ ಕೇಳಿದ್ದೀರಿ.

ಎಮರ್ಜೆನ್ಸಿ ಬಂದಾಗ ನಾನು ಎಂಟನೇ ಕ್ಲಾಸು. ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಅಪ್ಪ ಪಕ್ಕದ ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಕಂಡದ್ದನ್ನು ಹೇಳುತ್ತೇನೆ.

ಅದು ಮಿಲಿಟರಿ ಆಡಳಿತ ಅಲ್ಲ. ನಮ್ಮೂರ ಬೀದಿಗೆ ಒಬ್ಬ ಸೈನಿಕನೂ ಬರಲಿಲ್ಲ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದರು. ಮಾರನೇ ದಿನ ಬೆಳಿಗ್ಗೆ ಇಂದಿರಾ ಗಾಂಧಿ ರೇಡಿಯೋದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿದೆ, ಗಾಬರಿಪಡುವಂಥದ್ದೇನೂ ಇಲ್ಲ ಅಂದರು. ನಮ್ಮೂರಲ್ಲಿ ಯಾರೂ ಗಾಬರಿಪಡಲಿಲ್ಲ. ಸಂತೆ ಸೇರಿತು, ಸ್ಕೂಲು ನಡೆಯಿತು, ಕೊಬ್ಬರಿ ಲಾರಿಗಳು ಓಡಾಡಿದವು. ಅದೇ ದಿನ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದ್ದರು. ಈಗ ಫ್ರೀಡಂ ಪಾರ್ಕ್ ಇದೆಯಲ್ಲ, ಅಲ್ಲಿ. ಪೇಪರಿಗೆ ಸೆನ್ಸಾರ್ ಬಿದ್ದಿತ್ತು. ನಮಗೆ ಗೊತ್ತಾಗುವ ಹೊತ್ತಿಗೆ ಎಷ್ಟೋ ದಿನ ಆಗಿತ್ತು, ಅದೂ ಬಾಯಿಂದ ಬಾಯಿಗೆ.

ಮೊದಲು ಕಣ್ಣಿಗೆ ಬಿದ್ದ ಬದಲಾವಣೆ ಅಂದರೆ ಕ್ಷೌರದಂಗಡಿಯಲ್ಲಿ ಕನ್ನಡಿ ಪಕ್ಕ ನೇತುಹಾಕಿದ್ದ ಬೋರ್ಡು: "ರಾಜಕೀಯ ಮಾತನಾಡಬಾರದು". ಆಮೇಲೆ ಹೋಟೆಲಿನಲ್ಲೂ ಬಂತು. ಅದನ್ನು ಹಾಕಿ ಅಂತ ಯಾರಾದರೂ ಬಂದು ಹೇಳಿದ್ದರಾ? ನನಗೆ ನೆನಪಿದ್ದಂತೆ ಇಲ್ಲ. ಅವರೇ ಹಾಕಿಕೊಂಡರು. ನಮ್ಮಪ್ಪ ಪೇಪರನ್ನು ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದವರು, ಒಳಗೆ ಕೂತು ಮನಸ್ಸಿನಲ್ಲೇ ಓದೋಕೆ ಶುರು ಮಾಡಿದರು.

ಒಂದು ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಸೈಕ್ಲೋಸ್ಟೈಲ್ ಮಾಡಿದ ಎರಡು ಹಾಳೆ ಸಿಕ್ಕಿದವು. ನೇರಳೆ ಬಣ್ಣದ ಅಕ್ಷರ, ಅಲ್ಲಲ್ಲಿ ಹರಡಿಕೊಂಡಿತ್ತು. ಜೈಲಿನಲ್ಲಿರುವವರ ಹೆಸರುಗಳ ಪಟ್ಟಿ. ನಾನು ಅರ್ಧ ಓದಿದ್ದೆ. ಅಪ್ಪ ಕಿತ್ತುಕೊಂಡು ಬಚ್ಚಲೊಲೆಗೆ ಹಾಕಿದರು. ಸುಟ್ಟದ್ದು ಸಾಲದು ಅಂತ ಬೂದಿಯನ್ನೂ ಕೆದಕಿದರು. "ನೀನು ಏನೂ ನೋಡಿಲ್ಲ" ಅಂದರು. ಅವರ ಕೈ ನಡುಗುತ್ತಿತ್ತು. ಅಪ್ಪನ ಕೈ ನಡುಗೋದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಕಾಲೇಜು ಲೆಕ್ಚರರ್ ಒಬ್ಬರ ಮನೆ. ಅವರನ್ನು ಮೀಸಾದಲ್ಲಿ ಹಿಡಿದುಕೊಂಡು ಹೋದರು. ಮೀಸಾ ಅಂದರೆ ಆಂತರಿಕ ಭದ್ರತಾ ಕಾಯ್ದೆ, ಅದರಲ್ಲಿ ಹಿಡಿಯೋಕೆ ಚಾರ್ಜ್‌ಶೀಟೂ ಬೇಡ, ವಿಚಾರಣೆಯೂ ಬೇಡ. ಇಡೀ ದೇಶದಲ್ಲಿ ಅದೊಂದೇ ಕಾನೂನಿನಲ್ಲಿ ಸುಮಾರು 35 ಸಾವಿರ ಜನ ಒಳಗಿದ್ದರು. 1976ರ ಏಪ್ರಿಲ್‌ನಲ್ಲಂತೂ ಸುಪ್ರೀಂ ಕೋರ್ಟೇ, ಹೀಗೆ ಹಿಡಿದದ್ದನ್ನು ಕೋರ್ಟಿನಲ್ಲಿ ಕೇಳುವಂತಿಲ್ಲ ಅಂದುಬಿಟ್ಟಿತು. ಐದು ಜನರ ಪೀಠದಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ.

ಆ ಲೆಕ್ಚರರ ಹೆಂಡತಿಗೆ ಆದದ್ದು ನೋಡಿ. ಅವರ ಮನೆಗೆ ಹೋಗುವುದನ್ನು ಜನ ಬಿಟ್ಟರು. ಯಾರೂ ಕೆಟ್ಟವರಲ್ಲ. ನಮ್ಮಮ್ಮನೂ ಮುಂಬಾಗಿಲಿಂದ ಹೋಗಲಿಲ್ಲ. ಸಂಜೆ ಕತ್ತಲಾದ ಮೇಲೆ ಹಾಲಿನ ಚೊಂಬು ಕೊಟ್ಟು, "ಹಿತ್ತಲಿಂದ ಹೋಗಿ ಕೊಟ್ಟು ಬಾ, ಮಾತಾಡ್ತಾ ನಿಲ್ಲಬೇಡ" ಅಂತ ನನ್ನನ್ನು ಕಳಿಸುತ್ತಿದ್ದರು. ಆ ಮನೆಯಾಕೆ ಚೊಂಬು ತೊಳೆದು, ಬರಿದಾಗಿ ಕೊಡಬಾರದು ಅಂತ ಒಂದಿಷ್ಟು ಸಕ್ಕರೆ ಹಾಕಿ ಕೊಡುತ್ತಿದ್ದರು. ಅವರ ಮನೆಯಲ್ಲೇ ಸಕ್ಕರೆ ಇತ್ತೋ ಇಲ್ಲವೋ.

ಇನ್ನು ಶಿಸ್ತಿನ ಮಾತು. ಹೌದು, ಗುಮಾಸ್ತರು ಟೈಮಿಗೆ ಬಂದರು. ಬೆಲೆಯೂ ಸ್ವಲ್ಪ ಇಳಿಯಿತು. ಆದರೆ 1975ರಲ್ಲಿ ಮಳೆ ಚೆನ್ನಾಗಿ ಆಗಿತ್ತು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಾಗೇ ಕಾರ್ಮಿಕರ ಕನಿಷ್ಠ ಬೋನಸ್ಸನ್ನು ಶೇ. 8.33ರಿಂದ 4ಕ್ಕೆ ಇಳಿಸಿದಾಗ ಯಾರಿಂದಲೂ ಬೀದಿಗಿಳಿಯೋಕೆ ಆಗಲಿಲ್ಲ, ಅದನ್ನೂ.

ಬಡವರಿಗೆ ನಿಜವಾಗಿ ಸಿಕ್ಕಿದ್ದೂ ಇದೆ, ಅದನ್ನು ಮುಚ್ಚಿಡೋದು ಸರಿಯಲ್ಲ. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಎಮರ್ಜೆನ್ಸಿಗೆ ಮೊದಲೇ ಶುರುವಾಗಿತ್ತು. 1976ರ ಸಾಲ ಪರಿಹಾರ ಕಾನೂನಿನಿಂದ ಕೂಲಿಯವರ, ಸಣ್ಣ ರೈತರ ಅಡವಿಟ್ಟ ಒಡವೆ ವಾಪಸ್ ಬಂದವು. ಅಪ್ಪನ ಸ್ಕೂಲಿನ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಿದ್ದ ಒಬ್ಬ ಕೂಲಿಯವರಿದ್ದರು. ಅವರ ಹೆಂಡತಿಯ ಓಲೆ ನಾಲ್ಕು ವರ್ಷದ ಮೇಲೆ ಕಿವಿಗೆ ಬಂತು. ಆಕೆ ಅದನ್ನು ತೋರಿಸೋಕೇ ಅಂತ ನಮ್ಮ ಮನೆಗೆ ಬಂದಿದ್ದರು. "ಇಂದಿರಮ್ಮನ ಹೊಟ್ಟೆ ತಣ್ಣಗಿರಲಿ" ಅಂದರು. ಅವರ ಗಂಡ ವರ್ಷವರ್ಷವೂ ಸುಗ್ಗಿಯಲ್ಲಿ ನಮಗೆ ಒಂದು ಟವೆಲ್ ಗಂಟು ಸೊಗಡಿನ ಅವರೆಕಾಯಿ ತಂದುಕೊಡುತ್ತಿದ್ದರು.

ಅದೇ ವರ್ಷ ಮೇಷ್ಟ್ರುಗಳಿಗೆ ಟಾರ್ಗೆಟ್ ಬಂತು. ಇಷ್ಟು ಜನರನ್ನು ಸಂತಾನಹರಣ ಆಪರೇಷನ್‌ಗೆ ಕರೆತರಬೇಕು. ಅದಕ್ಕೆ "ಕೇಸ್ ಹಿಡಿಯೋದು" ಅಂತಿದ್ದರು, ಮನುಷ್ಯರನ್ನು. ಉತ್ತರದ ಕಡೆ ಜನರನ್ನು ಎಳೆದೊಯ್ದರು. ನಮ್ಮ ಕಡೆ ಆ ಮಟ್ಟಕ್ಕೆ ಹೋಗಲಿಲ್ಲ, ಒತ್ತಡ ಬಂದದ್ದು ಸಂಬಳದ ದಾರಿಯಲ್ಲಿ. ದೇಶದಲ್ಲಿ 1975-76ರಲ್ಲಿ ಸುಮಾರು 26 ಲಕ್ಷ ಇದ್ದ ಆಪರೇಷನ್ ಮರುವರ್ಷ 81 ಲಕ್ಷ ಆಯಿತು. ಆ 81 ಲಕ್ಷದಲ್ಲಿ ಒಂದು ನಮ್ಮಪ್ಪ ಹಿಡಿದ ಕೇಸು.

ಎರಡು ತಿಂಗಳು ಅಪ್ಪನ ಸಂಬಳ ನಿಂತಿತ್ತು. ಅಂಗಡಿಯಲ್ಲಿ ಬರೆಸಿ ತರುತ್ತಿದ್ದೆವು. ಒಂದು ಸಂಜೆ ಅಪ್ಪ ಆ ಗುಡಿಸಲಿಗೆ ಹೋದರು. ಅವರಿಗೆ ಒಂದು ಹೆಣ್ಣು, ಒಂದು ಗಂಡು ಮಗು. "ಸಣ್ಣ ಆಪರೇಷನ್, ದುಡ್ಡೂ ಕೊಡ್ತಾರೆ" ಅಂತ ಹೇಳಿದರಂತೆ. ಅವರು ಜಾಸ್ತಿ ಕೇಳಲಿಲ್ಲ. ಮೇಷ್ಟ್ರು ಹೇಳಿದ್ದಾರೆ ಅಂದಮೇಲೆ ಮುಗೀತು, ಅಲ್ವಾ? ಆಪರೇಷನ್ ಆದ ಮೇಲೆ ಒಂದು ಚೀಟಿ ಕೊಟ್ಟರು. ಕರೆತಂದವರ ಹೆಸರು ಬರೆಯೋ ಜಾಗದಲ್ಲಿ ಅಪ್ಪನ ಹೆಸರಿತ್ತು. ಅದನ್ನು ಆಫೀಸಿಗೆ ಕೊಟ್ಟ ಮೇಲೆ ಸಂಬಳ ಬಂತು. ಅಮ್ಮ ಅಂಗಡಿ ಬಾಕಿ ತೀರಿಸಿ, ನನಗೆ ಚಪ್ಪಲಿ ಕೊಡಿಸಿದರು. ಆ ಚಪ್ಪಲಿ ಹಾಕಿಕೊಂಡು ಕುಣಿದಾಡಿದ್ದೂ ನೆನಪಿದೆ.

1977ರ ಮಾರ್ಚ್ ಚುನಾವಣೆಯಲ್ಲಿ ಇಂದಿರಾ ಗಾಂಧಿ ರಾಯ್ ಬರೇಲಿಯಲ್ಲಿ ಸೋತರು. ಮಾರ್ಚ್ 21ಕ್ಕೆ ಎಮರ್ಜೆನ್ಸಿ ಹೋಯಿತು. ಆದರೆ ಕರ್ನಾಟಕದ 28 ಸೀಟಿನಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಈಗಿನ ಹುಡುಗರು ಇದನ್ನು ಕೇಳಿ ಆಶ್ಚರ್ಯಪಡುತ್ತಾರೆ. ನನಗೆ ಆ ಓಲೆ ನೆನಪಾಗುತ್ತದೆ. ಅದನ್ನು ವಾಪಸ್ ಪಡೆದವರು ಆಗ ಕಾಂಗ್ರೆಸ್ಸಿನ ಗುರುತಾಗಿದ್ದ ಹಸು-ಕರುವಿಗೆ ಒತ್ತಿದರು, ಅದರಲ್ಲಿ ತಪ್ಪೇನಿದೆ? ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಕ್ಕೆ, ಆ ಜನವರಿ 20ರಂದು ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿಯವರ ವಿಷಯ ಆ ಗುಡಿಸಲಿಗೆ ಯಾರು ತಲುಪಿಸಿದ್ದರು?

ಲೆಕ್ಚರರ್ ವಾಪಸ್ ಬಂದರು. ತುಂಬ ಇಳಿದುಹೋಗಿದ್ದರು. ನಮ್ಮ ಮನೆಗೆ ಬಂದು ಅಮ್ಮನಿಗೆ ಕೈಮುಗಿದರು. ಅಮ್ಮ ಹಿತ್ತಲಿಗೆ ಹೋಗಿ ಅತ್ತರು.

ಆ ವರ್ಷದ ಮಳೆಗಾಲದಲ್ಲಿ ಕೂಲಿಯವರ ಗಂಡು ಮಗು ವಾಂತಿಭೇದಿಯಾಗಿ ಹೋಗಿಬಿಟ್ಟಿತು. ಅಪ್ಪ ಮಣ್ಣಿಗೆ ಹೋಗಿ ಬಂದವರು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ.

ಸುಗ್ಗಿ ಬಂತು. ಅವರು ಎಂದಿನಂತೆ ಟವೆಲ್ ಗಂಟು ಹಿಡಿದು ಬಂದು ಜಗಲಿ ಕೆಳಗೆ ನಿಂತರು. ಅಪ್ಪ ಇಳಿದುಹೋಗಿ ಅವರ ಕೈ ಹಿಡಿದುಕೊಂಡು "ತಪ್ಪಾಯ್ತು ಕಣಪ್ಪ" ಅಂದರು.

"ಬಿಡಿ ಮೇಷ್ಟ್ರೇ. ನಿಮ್ಗೂ ಸಂಬಳ ಬರ್ಬೇಕಿತ್ತಲ್ಲ" ಅಂದರು ಅವರು.

ಅಮ್ಮ ಆ ರಾತ್ರಿ ಅವರೆಕಾಳಿನ ಹುಳಿ ಮಾಡಿದ್ದರು. ನಾವು ಮಕ್ಕಳೆಲ್ಲ ತಿಂದೆವು. ಅಪ್ಪ ಮಜ್ಜಿಗೆ ಕಲೆಸಿಕೊಂಡು ಎದ್ದರು.