ಬ್ರೋಕರ್ ಯಾರ ಕಡೆಯವ್ರು ಅಂತ ಮೊದ್ಲು ಕೇಳಿ

ಪ್ರಶ್ನೆ: ಸರ್, ನಾವು ದಾವಣಗೆರೆಯವ್ರು. ಮಗ ಬೆಂಗಳೂರಲ್ಲಿ ಕೆಲ್ಸದಲ್ಲಿದಾನೆ, ಕೆಂಗೇರಿ ಕಡೆ 30x40 ಅಡಿಯ ಒಂದು ಸೈಟ್ ನೋಡಿದೀವಿ, ಓನರ್ ಹಿಂದೆ ಯಾವಾಗ್ಲೋ ತಗೊಂಡಿದ್ದಂತೆ. ಭಾವಮೈದ ತೋರ್ಸಿದ ಬ್ರೋಕರ್ 2% ಕೇಳ್ತಾರೆ, ಮಾತುಕತೆ, ಲಾಯರ್, ರಿಜಿಸ್ಟ್ರೇಷನ್ ಎಲ್ಲಾ ನಾನೇ ನೋಡ್ಕೋತೀನಿ, 1 ಲಕ್ಷ ಟೋಕನ್ ನನ್ ಅಕೌಂಟಿಗೆ ಹಾಕಿ ಅಂತಾರೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇದೆಯಂತೆ. ನಂಬಬಹುದಾ?
— ಒಬ್ಬ ಓದುಗರು

ಉತ್ತರ: ಬ್ರೋಕರ್ ಅಕೌಂಟಿಗೆ ಟೋಕನ್ ಹಾಕ್ಲೇಬೇಡಿ. ಕೊಡೋದಾದ್ರೆ ಓನರ್ ಹೆಸರಿಗೇ ಚೆಕ್ ಕೊಡಿ, ಪೇಪರ್ ಸರಿ ಇಲ್ದಿದ್ರೆ ದುಡ್ಡು ವಾಪಸ್ ಅಂತ ಬರೆಸ್ಕೊಂಡು.

ರೇರಾ ನಂಬರ್ ಇರೋದು ಒಳ್ಳೇದೇ, ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಹೆಸ್ರು ಇದೆಯಾ ನೋಡ್ಕೊಳ್ಳಿ. ಆದ್ರೆ 2016ರ ರೇರಾ ಕಾಯ್ದೆ ಇರೋದು ಮುಖ್ಯವಾಗಿ ಹೊಸ ಲೇಔಟು, ಅಪಾರ್ಟ್‌ಮೆಂಟ್ ಪ್ರಾಜೆಕ್ಟುಗಳಿಗೆ, ಅಲ್ಲಿ ರಿಜಿಸ್ಟರ್ ಆಗ್ದೆ ಮಾರಿಸೋ ಏಜೆಂಟಿಗೆ ದಿನಕ್ಕೆ 10 ಸಾವಿರ ದಂಡ ಇದೆ. ನಿಮ್ಮದು ರೀಸೇಲ್, ಇಲ್ಲಿ ಆ ನಂಬರ್ ಸೈಟಿನ ಪೇಪರ್ ಬಗ್ಗೆ ಏನೂ ಹೇಳಲ್ಲ.

ನೀವು ಕೇಳ್ಬೇಕಾಗಿದ್ದು ಇನ್ನೊಂದಿದೆ, ಅವ್ರು ಓನರ್ ಕಡೆಯಿಂದಲೂ ಕಮಿಷನ್ ತಗೋತಾರಾ? ಬೆಂಗಳೂರಲ್ಲಿ ಎರಡೂ ಕಡೆ ತಗೊಳ್ಳೋದು ಮಾಮೂಲಿ, ತಪ್ಪೂ ಅಲ್ಲ, ಆದ್ರೆ ರೇಟ್ ಏರಿದಷ್ಟೂ ಕಮಿಷನ್ ಏರುತ್ತೆ ಅಂದ್ಮೇಲೆ ನಿಮ್ಮ ಪರ ಯಾಕ್ರೀ ಚೌಕಾಸಿ ಮಾಡ್ತಾರೆ? ಪರ್ಸೆಂಟೇಜ್ ಬೇಡ, ಇಷ್ಟು ಅಂತ ಒಂದೇ ಮೊತ್ತ ಫಿಕ್ಸ್ ಮಾಡಿ, ಕ್ರಯಪತ್ರ ರಿಜಿಸ್ಟರ್ ಆದ ದಿನವೇ ಕೊಡ್ತೀವಿ ಅನ್ನಿ. ಲಾಯರ್ ಮಾತ್ರ ನಿಮ್ಮವ್ರೇ ಇರ್ಲಿ, ಬ್ರೋಕರ್ ಕರ್ಕೊಂಡು ಬರೋ ಲಾಯರ್‌ಗೆ ಮುಂದಿನ ಕೇಸ್ ಕೊಡೋರು ಆ ಬ್ರೋಕರೇ ಅಲ್ವಾ.

ಭಾವಮೈದನಿಗೂ ಇದ್ರಲ್ಲಿ ಪಾಲಿದೆಯಾ ಅಂತ, ಮನೇಲಿ ಜಗಳ ಆಗ್ದಿರೋ ಹಾಗೆ, ವಿಚಾರಿಸಿ.

ಬ್ರೋಕರ್ ಆಳ ನೋಡೋಕೆ ಒಂದು ಕೆಲ್ಸ ಮಾಡಿ. ಖಾತಾ ಕಾಪಿ, ಮದರ್ ಡೀಡ್ (ಆಸ್ತಿಯ ಹಳೇ ಮೂಲ ಪತ್ರ), ಸರ್ವೆ ನಂಬರ್ ವಾಟ್ಸಾಪ್ ಮಾಡಿ, ಇಸಿ (ಆಸ್ತಿ ಮೇಲಿನ ಸಾಲ, ಅಡಮಾನ ತೋರಿಸೋ ಋಣಭಾರ ಪತ್ರ) ನಾವೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೀತೀವಿ ಅನ್ನಿ. ಕೆಲ್ಸ ಗೊತ್ತಿರೋರು ಸುಮ್ನೆ ಕಳಿಸ್ತಾರೆ, ಇಸಿಯಲ್ಲಿ ಯಾವ್ದೋ ಬ್ಯಾಂಕ್ ಅಡಮಾನ ಇದ್ರೆ ಅದನ್ನ ಅವ್ರೇ ಮೊದ್ಲು ಹೇಳಿರ್ತಾರೆ. ಇನ್ನೊಂದು ಥರದವ್ರು "ಪೇಪರ್ ಎಲ್ಲಾ ಪಕ್ಕಾ ಸರ್, ಬೇರೆ ಪಾರ್ಟಿ ರೆಡಿ ಇದಾರೆ, ಸಂಜೆ ಒಳಗೆ ಹೇಳಿ" ಅಂತಾರೆ. ಇ-ಖಾತಾ (ಡಿಜಿಟಲ್ ಖಾತಾ) ಆಮೇಲೆ ಮಾಡ್ಸೋಣ, ಸದ್ಯಕ್ಕೆ ಜಿಪಿಎ (ಓನರ್ ಪರವಾಗಿ ವ್ಯವಹರಿಸೋ ಅಧಿಕಾರ ಪತ್ರ) ಮಾಡ್ಕೊಳ್ಳಿ ಅಂದ್ರಂತೂ ಅಲ್ಲಿಂದ ಎದ್ದು ಬನ್ನಿ, ಜಿಪಿಎ ಮೇಲೆ ಮಾರಿದ್ರೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇಷ್ಟಾದ್ಮೇಲೂ ಇವ್ರೇ ಸರಿ ಅನ್ಸಿದ್ರೆ, ಇತ್ತೀಚೆಗೆ ಅವ್ರ ಮೂಲಕ ಸೈಟ್ ತಗೊಂಡ ಒಂದಿಬ್ರ ನಂಬರ್ ಇಸ್ಕೊಂಡು ಫೋನ್ ಮಾಡಿ, ರಿಜಿಸ್ಟ್ರೇಷನ್ ಮುಗಿದ್ಮೇಲೆ ಖಾತಾ ಬದಲಾಯಿಸೋವಾಗ ಬ್ರೋಕರ್ ಫೋನ್ ಎತ್ತಿದ್ರಾ ಅಂತ ಕೇಳಿ.