ಡೈರಿ ಹಿಡಿದವರ ಪಾಲು (ಓದುಗರ ಪ್ರಶ್ನೆ, ಅಕ್ಕನ ಉತ್ತರ)

ಪ್ರಶ್ನೆ: ಅಕ್ಕಾ, ನಾನು ಬಿ.ಕಾಂ. ಮುಗಿಸಿ ಊರಲ್ಲೇ ಇದ್ದೇನೆ. ಒಬ್ಬ ಯುವ ಯಕ್ಷಗಾನ ಭಾಗವತರ ಮತ್ತು ಗೆಳೆಯರ ಬ್ಯಾಂಡಿನ ಕಾರ್ಯಕ್ರಮ ನೋಡಿಕೊಳ್ಳುತ್ತೇನೆ. ಫೋನು, ಗಾಡಿ, ದುಡ್ಡು ವಸೂಲಿ ಎಲ್ಲ ನನ್ನದೇ. ಅಪ್ಪ ಮಾತ್ರ "ಇದೂ ಒಂದು ಉದ್ಯೋಗವಾ" ಅಂತಾರೆ. ಪಾಪ್ ಗಾಯಕಿ ಲೇಡಿ ಗಾಗಾಗೆ ಮ್ಯಾನೇಜರ್ ಆಗಿದ್ದವರು ಬಾಡಿಗೆ ಕಾರಿನ ಊಬರ್, ಹಾಡು ಕೇಳಿಸುವ ಸ್ಪಾಟಿಫೈಗೆ ಬಂಡವಾಳ ಹಾಕಿ ದೊಡ್ಡ ಉದ್ಯಮಿ ಆದರು ಅಂತ ಓದಿದೆ. ನಿಜವಾ? ನಮಗೂ ಅಂಥ ದಾರಿ ಇದೆಯಾ?
— ಹೆಸರು ಬೇಡ, ಕುಮಟಾ

ಉತ್ತರ: ನಿಜ ತಮ್ಮಾ. ಅವರ ಹೆಸರು ಟ್ರಾಯ್ ಕಾರ್ಟರ್. ಆದರೆ ನೀವು ಓದಿದ್ದು ಕಥೆಯ ಕೊನೆಯ ಭಾಗ. ನಿಮಗೆ ಬೇಕಾದದ್ದು ಮೊದಲಿನ ಭಾಗದಲ್ಲಿದೆ.

ಕಾರ್ಟರ್ ಹುಟ್ಟಿದ್ದು 1972ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಹೈಸ್ಕೂಲು ಮುಗಿಸಲಿಲ್ಲ. ಇಬ್ಬರು ಗೆಳೆಯರ ಜೊತೆ ರ‍್ಯಾಪ್ ಹಾಡುತ್ತಿದ್ದರು. ವಿಲ್ ಸ್ಮಿತ್ ಮತ್ತು ಡಿಜೆ ಜಾಝಿ ಜೆಫ್ ರೆಕಾರ್ಡ್ ಮಾಡುವ ಸ್ಟುಡಿಯೋ ಹೊರಗೆ ಕಾದು ನಿಂತು ಅವರ ಪರಿಚಯ ಮಾಡಿಕೊಂಡರು. ಹಾಡು ಕೈ ಹಿಡಿಯಲಿಲ್ಲ. ಹಾಗಂತ ಆ ಜಾಗ ಬಿಟ್ಟು ಹೋಗಲಿಲ್ಲ. ಕಾರ್ಯಕ್ರಮ ಹೊಂದಿಸುವುದು, ಜನ ಸೇರಿಸುವುದು, ಹೇಳಿದ ಕೆಲಸ ಮಾಡುವುದು, ಹೀಗೇ ಕಲಿತರು. 1999ರಲ್ಲಿ ಜೊತೆಗಾರರೊಬ್ಬರ ಜೊತೆ ಮ್ಯಾನೇಜ್‌ಮೆಂಟ್ ಕಂಪನಿ ಶುರು ಮಾಡಿದರು. ಈವ್ ಎಂಬ ರ‍್ಯಾಪ್ ಗಾಯಕಿಯ ಕೆಲಸ ನೋಡಿಕೊಂಡರು. 2004ರಲ್ಲಿ ಆ ಕಂಪನಿಯನ್ನು ಬ್ರಿಟನ್ನಿನ ಸ್ಯಾಂಕ್ಚುರಿ ಎಂಬ ಸಂಗೀತ ಕಂಪನಿ ಕೊಂಡುಕೊಂಡಿತು.

ಆಮೇಲೆ ಪೆಟ್ಟು ಬಿತ್ತು. ಈವ್ ಕಾರ್ಟರ್‌ರನ್ನು ಬಿಟ್ಟು ಹೋದರು. ಸಾಲದ ಕಂತು ಕಟ್ಟಲಾಗದೆ ಮನೆ ಕೈತಪ್ಪುವ ಹಂತ ಬಂತು. ಅದೇ ಹೊತ್ತಿಗೆ, 2007ರಲ್ಲಿ, ಪರಿಚಯದ ನಿರ್ಮಾಪಕರೊಬ್ಬರು ಒಬ್ಬ ಹುಡುಗಿಯನ್ನು ಅವರ ಆಫೀಸಿಗೆ ಕರೆತಂದರು. ದೊಡ್ಡ ರೆಕಾರ್ಡ್ ಕಂಪನಿಯೊಂದು ಆಕೆಯನ್ನು ಕೆಲವೇ ತಿಂಗಳಲ್ಲಿ ಕೈಬಿಟ್ಟಿತ್ತು. ಆಕೆಯೇ ಲೇಡಿ ಗಾಗಾ.

ಮೊದಲ ಹಾಡು 'ಜಸ್ಟ್ ಡ್ಯಾನ್ಸ್' 2008ರ ಏಪ್ರಿಲ್‌ನಲ್ಲಿ ಬಂತು. ಕುಣಿತದ ಹಾಡು ನಮಗೆ ಬೇಡ ಅಂತ ರೇಡಿಯೋದವರು ಹಾಕಲಿಲ್ಲ. ಇವರು ಬಾಗಿಲು ತಟ್ಟುತ್ತ ಕೂರಲಿಲ್ಲ. ಒಂದೇ ರಾತ್ರಿ ಒಂದು ಕ್ಲಬ್ಬಿಂದ ಇನ್ನೊಂದು ಕ್ಲಬ್ಬಿಗೆ ಹೋಗಿ ಹಾಡಿಸಿದರು. ಇಂಟರ್‌ನೆಟ್ಟಲ್ಲಿ ಅಭಿಮಾನಿಗಳ ಜೊತೆ ನೇರ ಮಾತಿಗೆ ಇಳಿದರು. 2009ರ ಜನವರಿಯಲ್ಲಿ ಆ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು. 2011ರಲ್ಲಿ ಗಾಗಾ ಟ್ವಿಟರ್‌ನಲ್ಲಿ ಒಂದು ಕೋಟಿ ಹಿಂಬಾಲಕರನ್ನು ಪಡೆದ ಮೊದಲ ವ್ಯಕ್ತಿಯಾದರು. ಅದೇ ವರ್ಷ ಅಮೆಜಾನ್ ಗಾಗಾ ಅವರ ಹೊಸ ಆಲ್ಬಮನ್ನು 99 ಸೆಂಟಿಗೆ ಮಾರಿತು. ಕೊಳ್ಳುವವರ ನೂಕುನುಗ್ಗಲಿಗೆ ಅಮೆಜಾನಿನ ಕಂಪ್ಯೂಟರುಗಳೇ ಸುಸ್ತಾದವು. ಒಂದೇ ವಾರದಲ್ಲಿ 11 ಲಕ್ಷ ಪ್ರತಿ ಖರ್ಚಾಯಿತು.

ಇಲ್ಲಿದೆ ನೋಡಿ ತಮ್ಮಾ, ಬಂಡವಾಳದ ಬೀಜ. ಜನ ಎಲ್ಲಿ ಸೇರುತ್ತಾರೆ, ಯಾವುದನ್ನು ಬಳಸುತ್ತಾರೆ, ಯಾವುದಕ್ಕೆ ದುಡ್ಡು ಕೊಡುತ್ತಾರೆ ಅಂತ ಕಾರ್ಟರ್ ದಿನಾ ಕಣ್ಣಾರೆ ನೋಡುತ್ತಿದ್ದರು. ತಂತ್ರಜ್ಞಾನದ ಕಂಪನಿಯವರಿಗೆ ಕಲಾವಿದರ ಕಡೆಯಿಂದ ಒಬ್ಬರು ಬೇಕಾಗಿತ್ತು. ಹಾಗೆ ಊಬರ್, ಇಂಟರ್‌ನೆಟ್ಟಲ್ಲಿ ಫೈಲು ಇಡುವ ಡ್ರಾಪ್‌ಬಾಕ್ಸ್, ಸ್ಪಾಟಿಫೈ ಇನ್ನೂ ಚಿಕ್ಕದಿದ್ದಾಗಲೇ ಅವರು ದುಡ್ಡು ಹಾಕಿದರು.

2013ರ ನವೆಂಬರ್‌ನಲ್ಲಿ, ಹೊಸ ಆಲ್ಬಂ ಬಿಡುಗಡೆಯ ಹೊತ್ತಿಗೇ, ಗಾಗಾ ಕೂಡ ಅವರನ್ನು ಬಿಟ್ಟರು. ಈವ್ ಬಿಟ್ಟಾಗ ಮನೆಗೇ ಕುತ್ತು ಬಂದಿತ್ತು. ಈ ಸಲ ಹಾಗಾಗಲಿಲ್ಲ. ಆ ಕಂಪನಿಗಳ ಪಾಲು ಕೈಯಲ್ಲಿತ್ತು. 2018ರಲ್ಲಿ ಡ್ರಾಪ್‌ಬಾಕ್ಸ್, ಸ್ಪಾಟಿಫೈ ಶೇರು ಪೇಟೆಗೆ ಬಂದವು, 2019ರಲ್ಲಿ ಊಬರ್. ನಮ್ಮ ಶಿರಸಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ದಲಾಲಿ ಮಾಡುವವರಿಗೆ ರಾಶಿ ಬಂದರೆ ಮಾತ್ರ ದುಡ್ಡು. ತೋಟ ಇದ್ದವರಿಗೆ ಬರುವ ವರ್ಷವೂ ಅಡಿಕೆ ಕೊಯ್ಲು ಇದೆ.

ಅವರು ಹಾಕಿದ್ದೆಲ್ಲ ಗೆದ್ದಿತು ಅಂದುಕೊಳ್ಳಬೇಡಿ. ಅಭಿಮಾನಿಗಳಿಗಾಗಿಯೇ ಬ್ಯಾಕ್‌ಪ್ಲೇನ್ ಎಂಬ ಕಂಪನಿ ಕಟ್ಟುವುದರಲ್ಲಿ ಅವರೂ ಇದ್ದರು. ಅದು 2016ರಲ್ಲಿ ಮುಚ್ಚಿತು. ಅದೇ ವರ್ಷ ಸ್ಪಾಟಿಫೈಯಲ್ಲಿ ಕಲಾವಿದರ ವಿಭಾಗ ನೋಡಿಕೊಳ್ಳಲು ಸೇರಿದರು, 2018ರಲ್ಲಿ ಬಿಟ್ಟರು, ಮರುವರ್ಷ ಮತ್ತೆ ಸಂಗೀತದ್ದೇ ಹೊಸ ಕಂಪನಿ ತೆರೆದರು.

ಈಗ ನಿಮ್ಮ ವಿಷಯ. ನಾನು ಶಿರಸಿಯಲ್ಲಿ ಕೂತು ಭಾಗವತರದ್ದು, ಹಿಂದುಸ್ತಾನಿ ಹಾಡುವವರದ್ದು ತಾರೀಕು ಹೊಂದಿಸುವ ಕೆಲಸ ಬಹಳ ವರ್ಷದಿಂದ ಮಾಡುತ್ತ ಬಂದವಳು. ನನ್ನ ಡೈರಿಯ ಒಂದು ಪುಟ ಹೀಗಿರುತ್ತದೆ: ಎಡಕ್ಕೆ ಊರು, ಕಾಲಮಿತಿ ಆಟವೋ ಬೆಳಗಿನ ತನಕವೋ, ಮುಂಗಡ ಎಷ್ಟು ಬಂತು. ಬಲಕ್ಕೆ ಗಾಡಿ ಯಾರದ್ದು, ಚಂಡೆ ಇಡಲು ಹಿಂದೆ ಜಾಗ ಇದೆಯಾ, ದೇವಿಮನೆ ಘಟ್ಟ ಇಳಿಯಲು ಎಷ್ಟು ಹೊತ್ತಿಗೆ ಹೊರಡಬೇಕು. ಅಡಿಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಾಲು: ಜನ ಎಷ್ಟೊತ್ತಿಗೆ ಎದ್ದರು, ಯಾವ ಪದ್ಯಕ್ಕೆ ಮೊಬೈಲ್ ಎತ್ತಿದರು, ಸಂಘಟಕರು ಬಾಕಿ ಅದೇ ರಾತ್ರಿ ಕೊಟ್ಟರಾ.

ಆ ಪೆನ್ಸಿಲ್ ಸಾಲೇ ನಿಮ್ಮ ಬಂಡವಾಳ. ಅದು ಬ್ಯಾಂಕಿನವರ ಹತ್ರ ಇಲ್ಲ, ಬೆಂಗಳೂರಿನ ಕಂಪನಿ ಹತ್ರವೂ ಇಲ್ಲ. ಯಾವ ಊರಲ್ಲಿ ಟಿಕೆಟ್ ಇಟ್ಟರೂ ಜನ ಬರುತ್ತಾರೆ ಅಂತ ನಿಮಗೆ ಗೊತ್ತಿದ್ದರೆ, ಬರೀ ಕಮಿಷನ್ ತೆಗೆದುಕೊಳ್ಳುವ ಬದಲು ಒಂದು ಆಟವನ್ನು ನೀವೇ ಸಂಘಟಿಸಿ. ಸೀಸನ್‌ನಲ್ಲಿ ಒಳ್ಳೆ ಮೈಕ್ ಸೆಟ್ ಸಿಗುವುದಿಲ್ಲ ಅಂತ ಎಲ್ಲರೂ ಒದ್ದಾಡುವುದನ್ನು ನೋಡಿದ್ದೀರಲ್ವಾ? ಇಬ್ಬರು ಸೇರಿ ಒಂದು ಸೆಟ್ ಕೊಳ್ಳಿ. ರೆಕಾರ್ಡಿಂಗ್ ಮಾಡಿಸುವಾಗ ಖರ್ಚಿನಲ್ಲಿ ಭಾಗ ಹಾಕಿ, ಹಕ್ಕಿನಲ್ಲಿ ಭಾಗ ಕೇಳಿ. ಭಾಗವತರಿಗೂ ಅದೇ ಕಾಗದದಲ್ಲಿ ಅವರ ಭಾಗ ಬರೆಯಿರಿ. ಅವರನ್ನು ಬಿಟ್ಟು ನೀವೊಬ್ಬರೇ ದೊಡ್ಡವರಾಗುವ ದಾರಿ ನನಗೆ ಒಪ್ಪಿಗೆಯಿಲ್ಲ.

ಅಪ್ಪನಿಗೆ ಬಾಯಲ್ಲಿ ಹೇಳಬೇಡಿ, ಲೆಕ್ಕ ತೋರಿಸಿ. ಬಿ.ಕಾಂ. ಓದಿದ್ದೀರಿ. ಕಲಾವಿದರ ದುಡ್ಡಿಗೆ ಒಂದು ಖಾತೆ, ನಿಮ್ಮ ಕಮಿಷನ್‌ಗೆ ಇನ್ನೊಂದು ಖಾತೆ ಇಂದೇ ಮಾಡಿ. ವರ್ಷದ ಕೊನೆಗೆ ಆ ಪಾಸ್‌ಬುಕ್ ಅವರ ಮುಂದೆ ಇಡಿ.

ಪ್ರಶ್ನೆ: ಮಗಳು ಹಿಂದುಸ್ತಾನಿ ಹಾಡುತ್ತಾಳೆ. ಈಗೀಗ ಹೊರಗಿನ ಕಾರ್ಯಕ್ರಮ ಬರುತ್ತಿವೆ. ಒಬ್ಬರು ಮ್ಯಾನೇಜರ್ ಆಗುತ್ತೇನೆ, ಶೇಕಡಾ 25 ಕೊಡಿ ಅಂತಾರೆ. ಜಾಸ್ತಿ ಆಯ್ತಾ?
— ಒಬ್ಬ ತಾಯಿ, ಶಿರಸಿ

ಉತ್ತರ: ಶೇಕಡಾ ಎಷ್ಟು ಅನ್ನುವುದಕ್ಕಿಂತ ಯಾವುದರ ಶೇಕಡಾ ಅಂತ ಮೊದಲು ಕೇಳಿ. ಕಾರ್ಯಕ್ರಮಕ್ಕೆ 50,000 ರೂಪಾಯಿ ಅಂತಿಟ್ಟುಕೊಳ್ಳೋಣ. ತಬಲಾ, ಹಾರ್ಮೋನಿಯಂನವರಿಗೆ 16,000. ಗಾಡಿ, ಊಟ, ವಸತಿಗೆ 9,000. ಉಳಿದದ್ದು 25,000. ಮ್ಯಾನೇಜರು ಒಟ್ಟು ಮೊತ್ತದ ಮೇಲೆ ಶೇಕಡಾ 25 ತೆಗೆದರೆ 12,500 ಹೋಯಿತು. ಅಂದರೆ ಮಗಳ ಕೈಗೆ ಬರಬೇಕಾದದ್ದರಲ್ಲಿ ಸರಿ ಅರ್ಧ! ಖರ್ಚು ಕಳೆದ ಮೇಲೆ ಶೇಕಡಾ 20 ಅಂದರೆ 5,000. ಈ ಎರಡರ ನಡುವೆ ಎಷ್ಟು ವ್ಯತ್ಯಾಸ ನೋಡಿ.

ಅಮೆರಿಕದಲ್ಲಿ ಸಾಮಾನ್ಯವಾಗಿ ಶೇಕಡಾ 15ರಿಂದ 20. ಬ್ರಿಟನ್ನಿನ ಬೀಟಲ್ಸ್ ಹಾಡುಗಾರರ ತಂಡದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ 25 ತೆಗೆದುಕೊಳ್ಳುತ್ತಿದ್ದರು. ಗಾಯಕ ಎಲ್ವಿಸ್ ಪ್ರೀಸ್ಲಿಯ ಮ್ಯಾನೇಜರ್ ಕರ್ನಲ್ ಪಾರ್ಕರ್ ಒಂದು ಹಂತದಲ್ಲಿ ಅರ್ಧಕ್ಕೇ ಹೋಗಿದ್ದರು. ಎಪ್‌ಸ್ಟೈನ್ ಒಳ್ಳೆಯ ಮನುಷ್ಯ, ಆ ಹುಡುಗರಿಗಾಗಿ ಜೀವ ತೇದವರು. ಆದರೂ ಬೀಟಲ್ಸ್ ಹೆಸರಿನ ಗೊಂಬೆ, ಬ್ಯಾಡ್ಜು, ವಿಗ್ಗು ಮಾರುವ ಹಕ್ಕಿನ ಕರಾರು ನೋಡಿ: ಪರವಾನಗಿಯಿಂದ ಬಂದ ದುಡ್ಡಿನಲ್ಲಿ ಶೇಕಡಾ 90 ಹೊರಗಿನವರಿಗೆ ಹೋಯಿತು, ಇವರ ಕಡೆಗೆ ಉಳಿದದ್ದು 10. ಪ್ರೀತಿ ಇದ್ದರೆ ಸಾಲದು, ಕಾಗದ ಓದಬೇಕು.

ನಿಮ್ಮ ಕಾಗದದಲ್ಲಿ ಮೂರು ಮಾತು ಇರಲಿ. ಒಂದೇ ವರ್ಷದ ಕರಾರು. ಅವರು ತಂದ ಕಾರ್ಯಕ್ರಮಕ್ಕೆ ಮಾತ್ರ ಕಮಿಷನ್. ಗುರುಗಳ ಕಡೆಯಿಂದ, ನೆಂಟರ ಕಡೆಯಿಂದ ಬಂದದ್ದಕ್ಕೆ ಇಲ್ಲ. ಮತ್ತೆ, ಸಂಘಟಕರ ದುಡ್ಡು ಮೊದಲು ಮಗಳ ಖಾತೆಗೇ ಬರಬೇಕು. ಮೂರನೆಯದಕ್ಕೆ ಅವರು ಮುಖ ಸಿಂಡರಿಸಿದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಗೆಳೆಯನೊಬ್ಬ ಸಂಗೀತದ ಆ್ಯಪ್ ಮಾಡುತ್ತಿದ್ದಾನೆ. ನನ್ನ ಉಳಿತಾಯ 2 ಲಕ್ಷ ಪೂರ್ತಿ ಹಾಕಲಾ?
— ಬ್ಯಾಂಡಿನ ಗಿಟಾರ್ ವಾದಕ, ಕಾರವಾರ

ಉತ್ತರ: ಪೂರ್ತಿ ಬೇಡ. ಹೋದರೂ ನಿದ್ದೆ ಕೆಡದಷ್ಟು ಹಾಕಿ. ಹಾಕುವ ಮುಂಚೆ, ಆ ಆ್ಯಪ್ ಕರಾವಳಿ ಉತ್ಸವದಲ್ಲಿ ನಿಮ್ಮ ಜೊತೆ ನುಡಿಸುವವರಲ್ಲಿ ಯಾರಿಗೆ ಬೇಕು ಅಂತ ಕೇಳಿ ನೋಡಿ. ಯಾರೂ ದುಡ್ಡು ಕೊಟ್ಟು ಬಳಸುವುದಿಲ್ಲ ಅಂದರೆ ಉತ್ತರ ಸಿಕ್ಕಿತು. ಹಾಕಿದರೆ ಗೆಳೆತನದ ಮೇಲೆ ಬಿಡಬೇಡಿ. ಎಷ್ಟು ಶೇರು ಅಂತ ಕಂಪನಿಯ ದಾಖಲೆಯಲ್ಲಿ ಬರಲಿ. ಕಂಪನಿಯೇ ನೋಂದಣಿ ಆಗಿಲ್ಲ ಅಂದರೆ ನೀವು ಕೊಡುತ್ತಿರುವುದು ಕೈಗಡ, ಅಷ್ಟೇ.

ಪ್ರಶ್ನೆ: ನಾವು ಮೂವರು ಗೆಳೆಯರು ಹಾಲಕ್ಕಿ ಸಮುದಾಯದ ಅಜ್ಜಿಯರ ಹಾಡು, ಗುಮಟೆ (ಮಣ್ಣಿನ ಮಡಕೆಯ ವಾದ್ಯ) ಪದ ರೆಕಾರ್ಡ್ ಮಾಡಿ ಯೂಟ್ಯೂಬ್ ಚಾನೆಲ್‌ಗೆ ಹಾಕುತ್ತೇವೆ. ಹಾಡು ಜನಪದದ್ದು, ಯಾರದ್ದೂ ಅಲ್ಲ. ದುಡ್ಡು ಬಂದರೆ ಅಜ್ಜಿಯರಿಗೆ ಕೊಡಬೇಕಾ?
— ಅಂಕೋಲಾ

ಉತ್ತರ: ಕೊಡಬೇಕು. ಹಾಡು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲದೆ ಇರಬಹುದು. ಹಾಡಿದವರು ನಿಮ್ಮ ಮುಂದೆಯೇ ಕೂತಿದ್ದಾರಲ್ವಾ? ನಮ್ಮ ಕಾನೂನಿನಲ್ಲಿ ಹಾಡಿದವರಿಗೂ ಪ್ರತ್ಯೇಕ ಹಕ್ಕಿದೆ, 50 ವರ್ಷ ಇರುತ್ತದೆ. 2012ರ ತಿದ್ದುಪಡಿ ಬಂದ ಮೇಲೆ, ಹಾಡಿದ್ದನ್ನು ವ್ಯಾಪಾರಕ್ಕೆ ಬಳಸಿದರೆ ಅವರಿಗೆ ರಾಯಲ್ಟಿ ಕೇಳುವ ಹಕ್ಕೂ ಇದೆ. ನಿಮ್ಮದು ರೆಕಾರ್ಡಿಂಗಿನ ಹಕ್ಕು. ಅದು ಬೇರೆ, ಇದು ಬೇರೆ.

ನಿಮ್ಮದೇ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಓದು ಬರಹ ಇಲ್ಲದೆ ಅಷ್ಟು ಹಾಡು ನೆನಪಲ್ಲಿ ಇಟ್ಟುಕೊಂಡಿದ್ದ ಸುಕ್ರಜ್ಜಿ ಈಗಿಲ್ಲ. ಅಂಥ ಅಜ್ಜಿಯರು ಊರೂರಲ್ಲಿ ಇದ್ದಾರೆ. ಅವರ ಹಾಡಿಗೆ ಲಕ್ಷ ಜನ ನೋಡುಗರು ಸಿಕ್ಕಿ, ಅಜ್ಜಿಗೆ ಒಂದು ಸೀರೆ, ಒಂದು ಶಾಲು ಕೊಟ್ಟು ಮುಗಿಸಿದರೆ ಅದು ಅನ್ಯಾಯ. ನನಗೆ ಇದರಲ್ಲಿ ಎರಡು ಮಾತಿಲ್ಲ.

ಯೂಟ್ಯೂಬ್‌ನಲ್ಲಿ ಜಾಹೀರಾತಿನ ದುಡ್ಡು ಬರಲು 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ನೋಡುವಿಕೆ ಆಗಬೇಕು. ಶಾರ್ಟ್ಸ್ ಅನ್ನುವ ಚಿಕ್ಕ ವಿಡಿಯೋಗೆ ಲೆಕ್ಕ ಬೇರೆ. ದುಡ್ಡು ಬರುವ ಮುಂಚೆಯೇ ಪಾಲು ಗೊತ್ತು ಮಾಡಿ. ಕ್ಯಾಮೆರಾ, ಎಡಿಟಿಂಗ್ ಖರ್ಚು ಮೊದಲು ತೆಗೆಯಿರಿ, ಉಳಿದದ್ದರಲ್ಲಿ ಅರ್ಧ ಹಾಡಿದವರಿಗೆ. ನನ್ನ ಪ್ರಕಾರ ಅದಕ್ಕಿಂತ ಕಡಿಮೆ ಬೇಡ. ಹಕ್ಕು ನಿಮಗೆ ಬರೆದುಕೊಟ್ಟ ಕಾಗದದಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತಲೇ ಓದುತ್ತದೆ. ಹಾಗಾಗಿ ಅವಧಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಮನೆಯ ಮೊಮ್ಮಗನನ್ನೋ ಸೊಸೆಯನ್ನೋ ಕೂರಿಸಿಕೊಂಡು ಅಜ್ಜಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಹೆಬ್ಬೆಟ್ಟು ಹಾಕಿಸಿ, ಒಂದು ಪ್ರತಿ ಅವರ ಮನೆಯಲ್ಲೇ ಬಿಟ್ಟು ಬನ್ನಿ. ಬ್ಯಾಂಕ್ ಖಾತೆ ಅಜ್ಜಿಯ ಹೆಸರಲ್ಲೇ ಇರಲಿ.