ಮೊದಲ ವರ್ಷದ ಪೋರ್ಟ್‌ಫೋಲಿಯೊ ರಿವ್ಯೂಗೆ ಏನೇನು ತೆಗೆದುಕೊಂಡು ಹೋಗಬೇಕು?

ಪೋರ್ಟ್‌ಫೋಲಿಯೊ ರಿವ್ಯೂ ಅಂದರೆ ನೀವು ಮಾಡಿದ ಕೆಲಸಗಳನ್ನು ಒಟ್ಟು ಮಾಡಿ ಮೇಷ್ಟ್ರಿಗೆ ತೋರಿಸುವುದು. ಆರ್ಕಿಟೆಕ್ಚರ್ ಇರಲಿ, ಇಂಟೀರಿಯರ್ ಡಿಸೈನ್ ಇರಲಿ, ಮಾಡಿದ್ದನ್ನೆಲ್ಲ ತುಂಬಿಸಿ ತರುವವರೇ ಜಾಸ್ತಿ. ಹಾಗೆ ಮಾಡಬೇಡಿ, ಐದಾರು ಕೆಲಸ ಸಾಕು. ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) 5 ವರ್ಷದ ಕೋರ್ಸ್. ಮೊದಲ ವರ್ಷದವರು ದೊಡ್ಡ ಕಟ್ಟಡ ತೋರಿಸಲಿ ಅಂತ ಯಾರೂ ಕಾಯುವುದಿಲ್ಲ. ನೀವು ಹೇಗೆ ನೋಡುತ್ತೀರಿ, ಹೇಗೆ ಯೋಚಿಸುತ್ತೀರಿ ಅನ್ನುವುದು ಮೇಷ್ಟ್ರಿಗೆ ಬೇಕು.

ಹಾಗಾಗಿ ಫೈನಲ್ ಶೀಟ್ ಒಂದನ್ನೇ ಇಡಬೇಡಿ. ಅಜ್ಜಿ ಮನೆಯ ಜಗಲಿಯನ್ನು ನೀವೇ ಟೇಪ್ ಹಿಡಿದು ಅಳೆದಿದ್ದೀರಿ ಅಂದುಕೊಳ್ಳಿ. ಅಳತೆ ಗೀಚಿಕೊಂಡ ಕಾಗದವನ್ನೂ ಇಡಿ, ಕಲೆ ಆಗಿದ್ದರೂ ಪರವಾಗಿಲ್ಲ. ಪಕ್ಕದಲ್ಲಿ 1:50 ಸ್ಕೇಲಿನ (ಅಂದರೆ ನಿಜವಾದ ಅಳತೆಯ ಐವತ್ತರಲ್ಲಿ ಒಂದು ಪಾಲು) ಪ್ಲಾನ್, ಸೆಕ್ಷನ್. ಪ್ಲಾನ್ ಅಂದರೆ ಮೇಲಿಂದ ನೋಡಿದ ಚಿತ್ರ, ಸೆಕ್ಷನ್ ಅಂದರೆ ಕಟ್ಟಡವನ್ನು ಮೇಲಿಂದ ಕೆಳಗೆ ಕತ್ತರಿಸಿದಂತೆ ಬರೆದ ಚಿತ್ರ. ಸೆಕ್ಷನ್‌ನಲ್ಲಿ ಜಗಲಿ ಮೇಲೆ ಒಬ್ಬರು ಕೂತಿರಲಿ. ಕಾಲು ನೆಲಕ್ಕೆ ತಾಗುತ್ತದಾ, ಸೂರಿನ ನೆರಳು ಎಲ್ಲಿಗೆ ಬರುತ್ತದೆ, ಒಂದೇ ನೋಟಕ್ಕೆ ಗೊತ್ತಾಗುತ್ತದೆ. 45 ಸೆಂ.ಮೀ. ಎತ್ತರದ ಜಗಲಿ ಈ ಸ್ಕೇಲಿನಲ್ಲಿ ಬರೀ 9 ಮಿ.ಮೀ. ಅಷ್ಟು ಚಿಕ್ಕ ಜಾಗದಲ್ಲಿ ಎಲ್ಲ ಗೆರೆಯೂ ಒಂದೇ ದಪ್ಪ ಇದ್ದರೆ ಏನೂ ಅರ್ಥವಾಗುವುದಿಲ್ಲ. ಕತ್ತರಿಸಿದ ಗೋಡೆಗೆ ದಪ್ಪ ಗೆರೆ, ಹಿಂದೆ ಕಾಣುವುದಕ್ಕೆ ತೆಳು ಗೆರೆ. ಇದೊಂದನ್ನು ದಯವಿಟ್ಟು ಕೈಗೆ ಅಭ್ಯಾಸ ಮಾಡಿಸಿ.

ನೀವು ಮಾಡಿದ ಕಟ್ಟಡದ ಪುಟ್ಟ ಮಾಡೆಲ್‌ನ ಫೋಟೊವನ್ನು ಕಿಟಕಿ ಬೆಳಕಲ್ಲಿ ತೆಗೆಯಿರಿ, ಹಿಂದೆ ಹಾಸಿಗೆ, ಬಕೆಟ್ ಕಾಣಬಾರದು. ಇಂಟೀರಿಯರ್‌ನವರು ಬಟ್ಟೆ, ಮರ, ಟೈಲ್ಸ್‌ನ ನಿಜವಾದ ತುಂಡುಗಳನ್ನೇ ಒಯ್ಯಿರಿ. ಮುಟ್ಟಿ ನೋಡಬೇಕು ಅಲ್ವಾ?

ಗ್ರೂಪ್ ಕೆಲಸವಾದರೆ ನಿಮ್ಮ ಪಾಲು ಯಾವುದು ಅಂತ ಬರೆಯಿರಿ. ಜೊತೆಗೆ ಟ್ರೇಸಿಂಗ್ ಪೇಪರ್, ಪೆನ್ಸಿಲ್ ಇರಲಿ. ನಿಮ್ಮ ಡ್ರಾಯಿಂಗ್ ಮೇಲೆ ಅದನ್ನಿಟ್ಟು ಮೇಷ್ಟ್ರು ಗೀಚಿ ತೋರಿಸಿದರೆ, ಆ ಹಾಳೆಗೆ ತಾರೀಖು ಹಾಕಿ ಎತ್ತಿಟ್ಟುಕೊಳ್ಳಿ.